ಕುದುರೆ ಬಾಲದ ಗಂಟು

ಹೆಕ್ಸಮ್‌ನ ಆಚೆ, ಎರಡು ಟೈನ್ ನದಿ ಒಂದಾಗುವಲ್ಲಿ
ನಲವತ್ತು ವರ್ಷ ಕುದುರೆಗೆ ಲಾಳ ಹೊಡೆದವನು
ವಿಲ್ಫ್ ಮಿಲ್ಬರ್ನ್.
ಗೊರಸು ತೊಡೆಗಳ ನಡುವೆ, ಮೊಳೆ ಹಲ್ಲುಗಳ ನಡುವೆ,
ಬೆನ್ನು ಕಮಾನು.
ಇಂಥವನಿಗೆ ಬೆನ್ನು ನೋಯದೆ
ಮೂಗು ನೋಯುತ್ತದೆಯೇ ಎಂದರು.

ಏಳು ವರ್ಷ ಅದನ್ನೇ ಅಂದರು.
ಡಿಸ್ಕು ಜಾರಿದೆ, ನರ ಹಿಡಿದಿದೆ, ವಯಸ್ಸಾಯಿತು,
ಬಿಸಿನೀರಿನ ಚೀಲ ಇಡು.
ಮಲಗಿದರೆ ಹೆಚ್ಚೋ ನಿಂತರೆ ಹೆಚ್ಚೋ
ಒಬ್ಬರೂ ಕೇಳಲಿಲ್ಲ.
ಬಗ್ಗಿ ದುಡಿಯುವ ಹಗಲು ಹೇಗೋ ಕಳೆಯುತ್ತಿತ್ತು;
ಅವನು ಮಲಗಿದೊಡನೆ ಎದ್ದು ಕೂರುತ್ತಿತ್ತು ನೋವು.
ರಾತ್ರಿ ಮೂರಕ್ಕೆ ಲಾಯದ ಬಾಗಿಲಿಗೊರಗಿ
ಕುದುರೆಗಳ ಹಾಗೆ ನಿಂತೇ ನಿದ್ದೆಮಾಡಲು ಕಲಿತ.

ಆಮೇಲೆ, ಉಚ್ಚೆಗೆ ಗೋಡೆ ಹಿಡಿದು ಕಾಯುವುದು.
ಆಮೇಲೆ, ಜೀನು ತಾಗುವ ಜಾಗವೆಲ್ಲ
ಬೇರೆ ಯಾರದೋ ಮೈ.
ಇದನ್ನು ಹೆಂಡತಿ ಮ್ಯೂರಿಯಲ್‌ಗೂ ಹೇಳಲಿಲ್ಲ.
ಹೇಳಿದ್ದು ಕುದುರೆ ಡಾಕ್ಟರಿಗೆ.
ಆ ಹುಡುಗಿ ಹೆಣ್ಣುಗುದುರೆಯೊಂದರ ಬಾಲ ಎತ್ತಿ ಹಿಡಿದಿದ್ದಳು;
ಹಾಗೇ ಬಿಟ್ಟು
ಅವನನ್ನು ತನ್ನ ಗಾಡಿಗೆ ಹತ್ತಿಸಿಕೊಂಡು ನ್ಯೂಕಾಸಲ್‌ಗೆ ಹೊರಟಳು.

ಎಂಆರ್‌ಐಯ ಕಪ್ಪು ನೀರಲ್ಲಿ, ಮದ್ದು ಏರಿದ ಮೇಲೆ,
ಹುರಿ ಮುಗಿದು ಎಳೆಎಳೆಯಾಗುವಲ್ಲಿ
ಖರ್ಜೂರದಷ್ಟು ಬೆಳಕು.
ಮಿಸ್ ಪ್ರಾಥೆರೋ
(ಇಲ್ಲಿ ಸರ್ಜನ್ನರನ್ನು ಡಾಕ್ಟರ್ ಅನ್ನುವಂತಿಲ್ಲ)
ಕಾಗದದ ಮೇಲೆ ಬರೆದು ತೋರಿಸಿದರು:
ಈ ನರಗಳ ಕುಚ್ಚಿಗೆ ಕುದುರೆ ಬಾಲವೆಂದೇ ಹೆಸರು.
'ಜೀವಮಾನವಿಡೀ ಅದರ ಹಿಂದೆ ನಿಲ್ಲದೆ ಬದುಕಿದೆ' ಎಂದು ನಕ್ಕ ವಿಲ್ಫ್.
'ಬಹುಶಃ ಸಾಧು ಗಡ್ಡೆ' ಅಂದರು.
'ನನ್ನ ಮಂಡಿಚಿಪ್ಪು ಒಡೆದದ್ದು ಸಾಧು ಕುದುರೆಯೇ, ಮಿಸ್.'

ನಾನು ರಾಣೆಬೆನ್ನೂರಿನವಳು, ಊರ ಹೆಸರಲ್ಲೇ ಬೆನ್ನಿದೆ.
ಕತ್ತಿ ಹಿಡಿಯುವುದಲ್ಲ, ಕಿವಿಗೊಡುವುದು ನನ್ನ ಕೆಲಸ.
ಅವನ ಪಾದ, ಮೀನಖಂಡ, ಗುದದ ಸ್ನಾಯುಗಳಿಗೆ ಸೂಜಿ ಚುಚ್ಚಿ
ಪರದೆಯೆದುರು ಕೂತು
ಯಾವ ಎಳೆ ಮುಟ್ಟಿದರೆ ಏನು ಮಿಡಿಯಿತೆಂದು ಕೂಗಿ ಹೇಳುವುದು.

ಮೂಳೆಯ ಕಮಾನು ತೆಗೆದರು. ಪೊರೆ ಸೀಳಿ
ದಾರ ಕಟ್ಟಿ ಅತ್ತಿತ್ತ ಎಳೆದರು.
ತಿಳಿನೀರು ಉಕ್ಕಿ ಇಳಿದ ಮೇಲೆ
ಬಿಳಿ ಎಳೆಗಳು ಉಸಿರಿಗೆ ತಕ್ಕಂತೆ ತೇಲುತ್ತ,
ನಡುವೆ ಕೆಂಗಂದು ಗಂಟು, ಮೇಲೆ ಉಬ್ಬಿದ ರಕ್ತನಾಳ.

ಗಂಟು. ನನ್ನ ಭಾಷೆಯಲ್ಲಿ
ಬಿಗಿದದ್ದೂ ಗಂಟು, ಕೂಡಿಟ್ಟಿದ್ದೂ ಗಂಟು,
ಬಿಡದೆ ಕಾಡಿದವನು ಗಂಟುಬಿದ್ದವನು.
ಇದು ಮೂರೂ.
ಆದರೆ ಬಿಚ್ಚುವಂತಿಲ್ಲ. ಒಡೆದರೆ ಬೀಜ ಚೆಲ್ಲಿದಂತೆ.
ಇಡಿಯಾಗಿ ಬರಬೇಕು.

ಎಡಕ್ಕೊಂದು ಎಳೆ ಮುಟ್ಟಿದರು. 'ಹೆಬ್ಬೆರಳು' ಎಂದೆ.
ಇನ್ನೊಂದು. 'ಮೀನಖಂಡ.'
ಇನ್ನೊಂದು, ತೀರಾ ತೆಳ್ಳಗಿನದು.
ಬೇಡ, ಅದು ಅವನ ಮಾನ.
(ಇಂಗ್ಲಿಷಿನಲ್ಲಿ ಬೇರೆ ಪದ ಹೇಳಿದೆ.)

ಕೊನೆಗೆ ಗಂಟು ಜೋತುಬಿದ್ದ ನಡುದಾರ.
ಮುಟ್ಟಿದರು. ಪರದೆ ಸಪಾಟು.
ಕರೆಂಟು ಏರಿಸಿ ಮತ್ತೆ ಮುಟ್ಟಿದರು.
ಹದಿನೆಂಟು ವರ್ಷವಾಯಿತು ಈ ಕೆಲಸಕ್ಕೆ ಬಂದು,
ಏನೂ ಕೇಳಿಸದಾಗ 'ಏನೂ ಇಲ್ಲ' ಅನ್ನಲು
ಇವತ್ತಿಗೂ ನಾಲಿಗೆ ಒಣಗುತ್ತದೆ.
ತಂತಿ ಕಳಚಿದ್ದರೂ ಹೀಗೇ ಅಲ್ಲವೇ ಕಾಣುವುದು?
ಹೆಬ್ಬೆರಳಿನ ಎಳೆ ಇನ್ನೊಮ್ಮೆ ಮುಟ್ಟಿಸಿದೆ. ಮಿಡಿಯಿತು.
ದಾರ. ಇಲ್ಲ.
'ಏನೂ ಇಲ್ಲ' ಎಂದೆ.
ಮೇಲೊಂದು ಕತ್ತರಿ, ಕೆಳಗೊಂದು.

ಹನ್ನೆರಡನೇ ದಿನ ವರದಿ ಬಂತು:
ಪ್ಯಾರಾಗ್ಯಾಂಗ್ಲಿಯೋಮಾ. ಅಪರೂಪ. ಸಾಧು.
'ರೇಸು ಕುದುರೆಯ ಹೆಸರಿದ್ದ ಹಾಗಿದೆ,
ಐದು ಪೌಂಡೂ ಕಟ್ಟುತ್ತಿರಲಿಲ್ಲ' ಅಂದನಂತೆ ಫೋನಿನಲ್ಲಿ.
ಎಡಪಾದದ ಅಂಚು ಇನ್ನೂ ಜೋಮು.
ಉಚ್ಚೆಗೆ ಈಗ ಗೋಡೆ ಬೇಡ, ಸ್ವಲ್ಪ ತಾಳ್ಮೆ ಸಾಕು.

ಅದಕ್ಕೂ ಮುಂಚೆ, ನಾಲ್ಕನೇ ದಿನ,
ವಾಡಿಕೆಯಿಲ್ಲದಿದ್ದರೂ ವಾರ್ಡಿಗೆ ಹೋಗಿದ್ದೆ.
ಮಧ್ಯಾಹ್ನ ಮೂರಕ್ಕೆ ಅಂಗಾತ ಬಿದ್ದು ಗೊರಕೆ.
ನಾನು ಯಾರೆಂದು ಮ್ಯೂರಿಯಲ್ ಕೇಳಲಿಲ್ಲ,
ತುಟಿಗೆ ಬೆರಳಿಟ್ಟಳು:
'ಮೆಲ್ಲಗೆ. ಮಲಗಿದ್ದಾನೆ, ನೋಡಿ.'